ಹಳೆಯ ನಾಣ್ಯ ಸಂಗ್ರಹ ಮತ್ತು ಅಪರಿಗ್ರಹದ ಪ್ರಶ್ನೆ

ಚಲಾವಣೆ ನಿಂತುಹೋದ ಹಣವನ್ನು ಅದರ ಹಳಮೆ, ಅಂದ, ಅಪರೂಪಗಳಿಗಾಗಿ ಕೂಡಿಡುವುದೇ ನಾಣ್ಯ ಸಂಗ್ರಹ. ಕೊಪ್ಪಳ ಜಿಲ್ಲೆಯ ಕಾರಟಗಿ, ಗಂಗಾವತಿ, ಆನೆಗೊಂದಿಗಳ ಸೀಮೆಯಲ್ಲಿ ಈ ಹವ್ಯಾಸ ಎಂದೊಡನೆ ನೆನಪಾಗುವುದು ವಿಜಯನಗರದ ನಾಣ್ಯಗಳು. ಆ ರಾಜ್ಯ 14ನೆಯ ಶತಮಾನದಲ್ಲಿ ತಲೆಯೆತ್ತಿದ್ದು ಇದೇ ತುಂಗಭದ್ರೆಯ ದಂಡೆಯಲ್ಲಿ. ಇದೇ ಸೀಮೆ ಅಪರಿಗ್ರಹವನ್ನು, ಅಂದರೆ ಕೂಡಿಡದಿರುವುದನ್ನು, ಬೋಧಿಸಿದ ಜೈನರಿಗೆ ತೀರ್ಥ, ದಾಸೋಹವನ್ನು ಬಾಳಿ ತೋರಿದ ಶರಣ ದಂಪತಿಗಳ ನೆರೆನಾಡು, ಸಿರಿಯೆಲ್ಲವನ್ನೂ ಬಿಟ್ಟು ಬಂದರೆಂದು ಜನ ನಂಬುವ ಪುರಂದರದಾಸರ ನೆಲೆ. ಸಾಕು ಎನ್ನುವ ಧರ್ಮವೂ ಇನ್ನಷ್ಟು ಬೇಕು ಎನ್ನುವ ಹವ್ಯಾಸವೂ ಒಂದೇ ಮಣ್ಣಿನಲ್ಲಿ ಬೇರುಬಿಟ್ಟಿವೆ. ಹೀಗಿರುವಾಗ ಬದುಕಿಗೆ ಬೇಕಾದುದಕ್ಕಿಂತ ಹೆಚ್ಚಿನದನ್ನು, ಅದರಲ್ಲೂ ಸಂತೆಯಲ್ಲಿ ಒಂದು ಸೇರು ಅಕ್ಕಿಯನ್ನೂ ತರಲಾರದ ಹಣವನ್ನು, ಕೂಡಿಡುವುದು ಧರ್ಮಕ್ಕೆ ಒಪ್ಪುವ ಕೆಲಸವೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಮೊದಲು ವಸ್ತುವಿನ ಪರಿಚಯ. ವಿಜಯನಗರದ ಮುಖ್ಯ ಚಿನ್ನದ ನಾಣ್ಯ ವರಹ. ಅದರ ತೂಕ ಸುಮಾರು 3.4 ಗ್ರಾಂ, ಅಗಲ ಕಿರುಬೆರಳಿನ ಉಗುರಿಗಿಂತ ತುಸು ಹೆಚ್ಚು. ಅದರ ಅರ್ಧ ಪ್ರತಾಪ. ಹತ್ತು ಹಣ ಸೇರಿದರೆ ಒಂದು ವರಹ ಎಂಬುದು ಸಾಮಾನ್ಯ ಲೆಕ್ಕ. ಅದಕ್ಕೂ ಕೆಳಗೆ ಹಾಗ, ಬೆಳ್ಳಿಯ ತಾರ, ತಾಮ್ರದ ಜೀತಲ್, ಕಾಸು. 1443ರಲ್ಲಿ ಇಲ್ಲಿಗೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಝಾಕ್ ಈ ನಾಣ್ಯಗಳಲ್ಲಿ ಹಲವನ್ನು ಹೆಸರಿಸಿ, ಇವುಗಳಲ್ಲಿ ಹೆಚ್ಚು ಬಳಕೆಯಾಗುವುದು ಹಣವೆಂದು ಬರೆದಿಟ್ಟಿದ್ದಾನೆ. ಸಂಗ್ರಾಹಕರನ್ನು ಸೆಳೆಯುವುದು ಮಾತ್ರ ಇವುಗಳ ಮೇಲಿನ ಚಿತ್ರ. ಹರಿಹರ, ಬುಕ್ಕರ ಕಾಲದ ನಾಣ್ಯಗಳಲ್ಲಿ ಹನುಮಂತನಿದ್ದಾನೆ. ಕಿಷ್ಕಿಂಧೆಯೆಂದು ನಂಬಲಾದ ಆನೆಗೊಂದಿಯ ಸೀಮೆಯಲ್ಲಿ ಇದು ಸಹಜವೇ. ಎರಡನೆಯ ಹರಿಹರನ ನಾಣ್ಯಗಳಲ್ಲಿ ಉಮಾಮಹೇಶ್ವರರು ಕುಳಿತಿದ್ದಾರೆ. ಕೃಷ್ಣದೇವರಾಯ ಉದಯಗಿರಿಯಿಂದ ತಂದ ಬಾಲಕೃಷ್ಣನನ್ನು 1515ರಲ್ಲಿ ಹಂಪಿಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದ; ಅವನ ವರಹದ ಮೇಲೆಯೂ ಬೆಣ್ಣೆಮುದ್ದೆ ಹಿಡಿದ ಬಾಲಕೃಷ್ಣನಿದ್ದಾನೆ. ಅಚ್ಯುತರಾಯನ ನಾಣ್ಯದಲ್ಲಿ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದು ನಿಂತಿದೆ. ಅಷ್ಟು ಸಣ್ಣ ಅಚ್ಚಿನಲ್ಲಿ ಅಷ್ಟೂ ಆನೆಗಳನ್ನು ಕೊರೆದ ಟಂಕಸಾಲೆಯ ಕೈಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಇಂಥ ನಾಣ್ಯಕ್ಕೆ ಇಂದು ಬರುವ ಬೆಲೆ ಅದರ ಚಿನ್ನದ ಬೆಲೆಯಲ್ಲ. ಒಂದೇ ತೂಕದ ಎರಡು ವರಹಗಳಲ್ಲಿ ಒಂದಕ್ಕೆ ಚಿನ್ನದ ದರಕ್ಕಿಂತ ತುಸು ಹೆಚ್ಚು, ಇನ್ನೊಂದಕ್ಕೆ ಅದರ ಹಲವು ಪಟ್ಟು ಸಿಗುತ್ತದೆ. ವ್ಯತ್ಯಾಸ ಇರುವುದು ಉಳಿದಿರುವ ಪ್ರತಿಗಳ ಸಂಖ್ಯೆಯಲ್ಲಿ ಮತ್ತು ಸವೆತದಲ್ಲಿ. ಇದು ನಾಣ್ಯಕ್ಕಷ್ಟೇ ಸೇರಿದ ಮಾತಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ರಟ್ಟಿನ ಚೀಟಿಗಳನ್ನು ಸಿಗರೇಟಿನ ಜೊತೆಗೆ, ಆಮೇಲೆ ಚೂಯಿಂಗ್ ಗಮ್ಮಿನ ಜೊತೆಗೆ ಕೊಡುತ್ತಿದ್ದರು. ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿ ಮಾರಾಟವಾಗದೆ ಉಳಿದ ಚೀಟಿಗಳನ್ನು 1960ರ ಸುಮಾರಿಗೆ ಕಸವೆಂದು ಸಮುದ್ರಕ್ಕೆ ಸುರಿಯಿತು. ಅದೇ ಕಂತಿನ ಮಿಕ್ಕಿ ಮ್ಯಾಂಟಲ್ ಚೀಟಿಯ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ರಟ್ಟು ಬದಲಾಗಿರಲಿಲ್ಲ, ಚಿತ್ರವೂ ಬದಲಾಗಿರಲಿಲ್ಲ. ಅದರ ಜೊತೆಯವು ಇಲ್ಲವಾಗಿದ್ದವು, ಅದನ್ನು ಬಯಸುವವರು ಹೆಚ್ಚಿದ್ದರು. ಹಾಗಾದರೆ ಸಂಗ್ರಾಹಕನ ಕೈಯಲ್ಲಿರುವುದು ವಸ್ತುವಿನ ಗುಣವೋ, ಇತರರ ಬಯಕೆಯ ನೆರಳೋ? ಧಾರ್ಮಿಕ ಚಿಂತನೆ ಹಿಡಿಯುವುದು ಈ ಎಳೆಯನ್ನೇ, ಏಕೆಂದರೆ ಅದರ ಆಸಕ್ತಿ ವಸ್ತುವಿಗಿಂತ ಹೆಚ್ಚಾಗಿ ಬಯಕೆಯಲ್ಲಿದೆ.

ಇಂದಿನ ಕೊಪ್ಪಳ ಅಂದಿನ ಕೊಪಣ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಜೈನರಿಗೆ ಅದು ಮಹಾತೀರ್ಥ. ಜೈನ ಮುನಿಗೆ ಅಪರಿಗ್ರಹ ಮಹಾವ್ರತ, ಏನನ್ನೂ ಇಟ್ಟುಕೊಳ್ಳುವಂತಿಲ್ಲ. ಶ್ರಾವಕನಿಗೆ, ಅಂದರೆ ಗೃಹಸ್ಥನಿಗೆ, ಹೇಳಿರುವುದು ಪರಿಗ್ರಹ ಪರಿಮಾಣ: ಹೊಲ, ಮನೆ, ಚಿನ್ನ, ಧಾನ್ಯ ಇಷ್ಟೇ ಎಂದು ತಾನೇ ಗೆರೆ ಎಳೆದುಕೊಂಡು ಅದನ್ನು ದಾಟದಿರುವುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನ ಲೆಕ್ಕದಲ್ಲಿ ಹೇಳದೆ ಮನಸ್ಸಿನ ಮೂರ್ಛೆಯೆಂದು, ಅಂದರೆ ಮೈಮರೆಸುವ ಅಂಟು ಎಂದು ಹೇಳುತ್ತದೆ. ಈ ನೋಟದಲ್ಲಿ ಸಾವಿರ ನಾಣ್ಯವಿದ್ದವನು ನಿರ್ಲಿಪ್ತನಾಗಿರಬಹುದು, ಒಂದೇ ಒಂದು ವರಹಕ್ಕೆ ಜೋತುಬಿದ್ದವನು ಪರಿಗ್ರಹಿಯಾಗಬಹುದು. ಸಂಗ್ರಾಹಕನಿಗೆ ಇದು ಆಸರೆಯಂತೆ ಕಂಡರೂ ಅಷ್ಟು ಸುಲಭದ ಆಸರೆಯಲ್ಲ. ಸಂಗ್ರಹದ ಚಾಲಕಶಕ್ತಿಯೇ ಸರಣಿ ಪೂರ್ತಿಯಾಗಬೇಕೆಂಬ ತವಕ. ಇಂಥ ಅರಸನ ಇಂಥ ಬಗೆ ಸಿಕ್ಕರೆ ಸಾಕು ಎಂದುಕೊಂಡವನಿಗೆ ಅದು ಸಿಕ್ಕ ದಿನವೇ ಅದರ ಇನ್ನೊಂದು ಅಚ್ಚಿನ ಸುದ್ದಿ ಕಿವಿಗೆ ಬೀಳುತ್ತದೆ. ಮೂರ್ಛೆ ಎಂಬ ಪದ ಇದಕ್ಕಿಂತ ಚೆನ್ನಾಗಿ ಒಪ್ಪುವ ಜಾಗ ಕಡಿಮೆ.

ಅದೇ ತತ್ತ್ವಾರ್ಥಸೂತ್ರ ಅಚೌರ್ಯ ವ್ರತದ ಐದು ಅತಿಚಾರಗಳನ್ನು, ಅಂದರೆ ಲೋಪಗಳನ್ನು, ಎಣಿಸುತ್ತದೆ: ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ತೂಕ ಅಳತೆಯಲ್ಲಿ ಮೋಸ, ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವುದು. ನಾಣ್ಯದ ಮಾರುಕಟ್ಟೆಯನ್ನು ಬಲ್ಲವರಿಗೆ ಈ ಪಟ್ಟಿ ಬೆರಗು ಹುಟ್ಟಿಸುತ್ತದೆ, ಏಕೆಂದರೆ ಅಲ್ಲಿನ ಕೆಡುಕುಗಳಲ್ಲಿ ಇದರಿಂದ ಹೊರಗುಳಿಯುವುದು ಏನೂ ಇಲ್ಲವೆನ್ನಬಹುದು. ಎರಕ ಹೊಯ್ದ ನಕಲಿ ವರಹಗಳು ಇವೆ. ಎಲ್ಲಿಂದ ಬಂತೆಂದು ಕೇಳದೆ ಕೊಳ್ಳುವವರೂ ಇದ್ದಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವನಿಗೆ ಒಪ್ಪಿಗೆ ಕೊಟ್ಟದ್ದು, ಈ ಮೂರೂ ಕರ್ಮಬಂಧವೆಂದು ಜೈನರು ತಿಳಿಯುತ್ತಾರೆ. ಅಗೆದವನು ಯಾರೋ, ತಾನು ಬರೀ ಕೊಂಡವನು ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಶರಣರ ಮಾರ್ಗ ಇನ್ನೂ ನೇರ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮುಟ್ಟದೆ, ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಕಳಿಸಿದಳೆಂಬುದು ಪ್ರಸಿದ್ಧ ಕಥೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ, ರೈಸ್ ಮಿಲ್ಲುಗಳಿಂದಲೇ ಹೆಸರಾದ ಕಾರಟಗಿಯಲ್ಲಿ ಈ ಕಥೆಗೆ ಬೇರೆಯೇ ತೂಕವಿದೆ. ಅಕ್ಕಿಯನ್ನು ಕೂಡಿಡುವುದಕ್ಕೆ ಒಂದು ಮಿತಿ ತಾನಾಗಿಯೇ ಇದೆ. ಹಿಂದೆ ಈ ಭಾಗದ ಮನೆಗಳಲ್ಲಿ ನೆಲ ತೋಡಿ ಮಾಡುತ್ತಿದ್ದ ಹಗೇವಿನಲ್ಲಿ ಕಾಳು ತುಂಬಿಟ್ಟರೂ ಕೆಲವು ವರ್ಷಕ್ಕೆ ಮುಗ್ಗಲು ಹಿಡಿಯುತ್ತಿತ್ತು. ತೆಗೆದು ಉಣ್ಣಲೇಬೇಕು, ಇಲ್ಲವೇ ಹಂಚಲೇಬೇಕು. ಚಿನ್ನಕ್ಕೆ ಮುಗ್ಗಲು ಹಿಡಿಯುವುದಿಲ್ಲ. ಆಸೆಗೆ ಕಾಲವೇ ಹಾಕಬೇಕಾದ ಕಡಿವಾಣ ಅಲ್ಲಿ ತಪ್ಪಿಹೋಗುತ್ತದೆ. ಕಾಯಕದ ಫಲ ಅಂದಂದಿಗೆ ದಾಸೋಹವಾಗಿ ಹರಿಯಬೇಕು ಎಂದ ಶರಣರು ನಾಳೆಗಾಗಿ ಕೂಡಿಡುವುದನ್ನೇ ಅಪನಂಬಿಕೆಯ ಗುರುತೆಂದು ಕಂಡದ್ದರಲ್ಲಿ ಈ ತಿಳಿವಳಿಕೆ ಇದೆ.

ದಾಸಪರಂಪರೆಯ ಕಥೆಯಲ್ಲಿ ನಾಣ್ಯವೇ ಒಂದು ಪಾತ್ರ. ಪುರಂದರದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸ ನಾಯಕನೆಂಬ ಜಿಪುಣ ವ್ಯಾಪಾರಿ. ಮಗನ ಉಪನಯನಕ್ಕೆ ಹಣ ಬೇಡಿ ಬಂದ ಬಡ ಬ್ರಾಹ್ಮಣನ ಮುಂದೆ ಅವನು ಸವಕಲು ನಾಣ್ಯಗಳ ರಾಶಿ ಸುರಿದು, ಒಂದನ್ನು ಆರಿಸಿಕೋ ಎಂದನಂತೆ. ಬರಿಗೈಯಲ್ಲಿ ಹೋದ ಬ್ರಾಹ್ಮಣನಿಗೆ ನಾಯಕನ ಹೆಂಡತಿ ಮೂಗುತಿ ಕೊಟ್ಟಳು. ಅದು ತಿರುಗಿ ಗಂಡನ ಅಂಗಡಿಗೇ ಬಂತು. ಕೊನೆಗೆ ನಾಯಕ ಸಿರಿಯೆಲ್ಲವನ್ನೂ ಬಿಟ್ಟು ದಾಸನಾದನೆಂಬುದನ್ನು ನಾಡಿನ ಮಕ್ಕಳೆಲ್ಲ ಕೇಳಿದ್ದಾರೆ. ಈ ಕಥೆ ದುಡ್ಡು ಕೆಟ್ಟದ್ದೆಂದು ಹೇಳುವುದಿಲ್ಲ. ಬಳಸಿ ಬಳಸಿ ಸವೆದ ನಾಣ್ಯ ಕೊಡಲು ಮಾತ್ರ ಲಾಯಕ್ಕು, ಅಚ್ಚಳಿಯದ್ದು ಇಟ್ಟುಕೊಳ್ಳಲು ಎಂಬ ವಿಂಗಡಣೆಯಲ್ಲಿ ನಾಯಕನ ಮನಸ್ಸು ಬಯಲಾಗುತ್ತದೆ. ಇಂದಿನ ಸಂಗ್ರಾಹಕನೂ ಅದೇ ವಿಂಗಡಣೆ ಮಾಡುತ್ತಾನೆ: ಟಂಕಸಾಲೆಯಿಂದ ಬಂದು ಗಡಿಗೆ ಸೇರಿ ಯಾರ ಕೈಯನ್ನೂ ಹಾಯದ ನಾಣ್ಯ ಅವನಿಗೆ ಉತ್ತಮ, ನೂರು ಸಂತೆ ತಿರುಗಿ ನೂರು ಹಸಿವು ನೀಗಿಸಿ ಮುಖ ಸವೆದದ್ದು ಕನಿಷ್ಠ. ಕಲೆಯ ದೃಷ್ಟಿಯಿಂದ ಇದನ್ನು ತಪ್ಪೆನ್ನಲಾಗದು. ಆದರೆ ಹಣದ ಧರ್ಮ ಕೈಯಿಂದ ಕೈಗೆ ಹೋಗುವುದಾದರೆ, ತನ್ನ ಧರ್ಮವನ್ನು ಚೆನ್ನಾಗಿ ನಡೆಸಿದ್ದು ಸವೆದ ನಾಣ್ಯವೇ.

ಈ ಸೀಮೆಯ ಮುಸ್ಲಿಮರ ಧರ್ಮಶಾಸ್ತ್ರವೂ ಹರಿಯದ ಚಿನ್ನವನ್ನು ಪ್ರಶ್ನಿಸುತ್ತದೆ. ದೇವರ ಮಾರ್ಗದಲ್ಲಿ ಖರ್ಚು ಮಾಡದೆ ಚಿನ್ನ ಬೆಳ್ಳಿ ಕೂಡಿಡುವವರಿಗೆ ಕುರ್‌ಆನ್ ಕಟುವಾದ ಎಚ್ಚರಿಕೆ ಕೊಡುತ್ತದೆ. ಝಕಾತ್ ಎಂಬ ಕಡ್ಡಾಯ ದಾನದ ಮಿತಿ 20 ಮಿಸ್ಕಾಲ್ ಚಿನ್ನ, ಅಂದರೆ ಸುಮಾರು 85 ಗ್ರಾಂ; ತೂಕದಲ್ಲಿ ಅದು 25 ವರಹಕ್ಕೆ ಸಮ. ಅಷ್ಟು ಚಿನ್ನ ಒಂದು ವರ್ಷ ತನ್ನ ಬಳಿ ಉಳಿದರೆ ನೂರಕ್ಕೆ ಎರಡೂವರೆ ಪಾಲು ಬಡವರಿಗೆ ಸಲ್ಲಬೇಕು. ಹವ್ಯಾಸಕ್ಕಾಗಿ ಇಟ್ಟ ಹಳೆಯ ನಾಣ್ಯವೂ ಚಿನ್ನವೇ. ಕೂಡಿಡಬೇಡ ಎನ್ನುವುದಕ್ಕಿಂತ, ಕೂಡಿಟ್ಟದ್ದರಲ್ಲಿ ಇನ್ನೊಬ್ಬನ ಹಕ್ಕಿದೆ ಎಂಬುದು ಇಲ್ಲಿನ ನಿಲುವು.

ಹೀಗೆ ಎಲ್ಲ ದಿಕ್ಕಿನಿಂದಲೂ ಸಂಗ್ರಹಕ್ಕೆ ಆಕ್ಷೇಪವೇ ಕೇಳಿಬರುವಾಗ ಅದರ ಪರವಾದ ಮಾತನ್ನೂ ಪ್ರಾಮಾಣಿಕವಾಗಿ ಕೇಳಬೇಕು, ಅದು ಹಗುರವಾದ ಮಾತಲ್ಲ. ಸಂಗ್ರಾಹಕನ ಕೈಗೆ ಸಿಗದ ಹಳೆಯ ಚಿನ್ನದ ನಾಣ್ಯ ಸಾಮಾನ್ಯವಾಗಿ ಸೇರುವುದು ಅಕ್ಕಸಾಲಿಗನ ಮೂಸೆಯನ್ನು. ಒರೆಗಲ್ಲಿಗೆ ಬಾಲಕೃಷ್ಣನೂ ಗಂಡಭೇರುಂಡವೂ ಒಂದೇ. ಕರಗಿದ ಮೇಲೆ ಬಳೆಯಾಗುತ್ತವೆ, ಉಂಗುರವಾಗುತ್ತವೆ. ತಾಮ್ರದ ಕಾಸುಗಳ ಗತಿ ಇನ್ನೂ ಕಡೆ: ಗುಜರಿಯವನ ತಕ್ಕಡಿಯಲ್ಲಿ ಹಳೆಯ ಪಾತ್ರೆಗಳ ಜೊತೆ ಬೀಳುತ್ತವೆ. ಹೀಗೆ ಹೋಗಬೇಕಾಗಿದ್ದವನ್ನು ಉಳಿಸಿದವರು ಹೆಚ್ಚಾಗಿ ಸಂಗ್ರಾಹಕರು. 1824ರ ಕಿತ್ತೂರು ಕಾಳಗದಲ್ಲಿ ಸೆರೆಸಿಕ್ಕಿದ್ದ ತರುಣ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನೂ ನಾಣ್ಯಗಳನ್ನೂ ಬಿಡದೆ ಕೂಡಿಸಿದ. ಕಣ್ಣು ಮಂಜಾದ ಮುಪ್ಪಿನಲ್ಲಿ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥ ಬರೆದ. ಅವನು ಕೂಡಿಸಿದವುಗಳಲ್ಲಿ ಹಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು, ಅದು ಈ ನಾಡಿನ ನಷ್ಟವೇ. ಆದರೂ ಆ ಗ್ರಂಥ ಮುಂದಿನವರಿಗೆ ಮೆಟ್ಟಿಲಾಯಿತು. ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಬಗ್ಗೆ ಸಮಗ್ರ ಗ್ರಂಥ ತರುವುದಕ್ಕೂ ಹಿಂದಿನವರು ಹೀಗೆ ಉಳಿಸಿದ ಸಾಮಗ್ರಿ ಬೇಕಿತ್ತು.

ಯೋಗಸೂತ್ರದ ಒಂದು ಮಾತು ಇಲ್ಲಿ ವಿಚಾರಕ್ಕೆ ಯೋಗ್ಯ. ಅಪರಿಗ್ರಹದಲ್ಲಿ ನೆಲೆನಿಂತವನಿಗೆ ಜನ್ಮ ಹೇಗಾಯಿತು, ಏಕಾಯಿತು ಎಂಬ ಅರಿವು ಮೂಡುತ್ತದೆ ಎಂದು ಪತಂಜಲಿ ಹೇಳುತ್ತಾನೆ. ಟೀಕಾಕಾರರು ಇದನ್ನು ಸಾಧಕನ ಜನ್ಮಾಂತರಗಳಿಗೆ ಅನ್ವಯಿಸುತ್ತಾರೆ. ಅದನ್ನು ವಸ್ತುವಿಗೂ ಹೊಂದಿಸಿ ನೋಡಬಹುದು. ನಾಣ್ಯ ಯಾವ ಟಂಕಸಾಲೆಯಲ್ಲಿ ಹುಟ್ಟಿತು, ಯಾವ ದಾರಿ ಹಿಡಿಯಿತು, ಏಕೆ ಹೂತುಹೋಯಿತು ಎಂದು ತಿಳಿಯಲು ಅದು ತನ್ನದಾಗಬೇಕಿಲ್ಲ. ತನ್ನದಾಗಲೇಬೇಕೆಂಬ ಹಟ ಆ ತಿಳಿವಿಗೆ ಅಡ್ಡ ಬರುವುದೇ ಹೆಚ್ಚು. ಹೊಲ ಸಮ ಮಾಡುವಾಗ ಒಂದು ಗಡಿಗೆಯಲ್ಲಿ ನಾಣ್ಯಗಳು ಸಿಕ್ಕವೆನ್ನಿ. ಯಾವ ಅರಸರವು ಎಷ್ಟೆಷ್ಟು, ಕೊನೆಯ ನಾಣ್ಯ ಯಾರದು, ಎಷ್ಟು ಸವೆದಿವೆ ಎಂಬುದನ್ನು ಒಟ್ಟಿಗೇ ನೋಡಿದರೆ ಆ ಗಡಿಗೆ ಯಾವ ಕಾಲದಲ್ಲಿ ನೆಲ ಸೇರಿತೆಂದು ಹೇಳಬಹುದು. ವಿಜಯನಗರ ಸೋತ 1565ರ ಯುದ್ಧದ ಮೇಲೆ ಪಟ್ಟಣ ಬಿಟ್ಟು ಓಡಿದವರು ಹೂತಿಟ್ಟದ್ದೋ, ಶಾಂತಿಯ ಕಾಲದ ಸಾಹುಕಾರನ ಉಳಿತಾಯವೋ ಎಂಬುದಕ್ಕೂ ಸುಳಿವು ಸಿಗುತ್ತದೆ. ಗಡಿಗೆ ಒಡೆದು ಒಳ್ಳೆಯ ನಾಲ್ಕನ್ನು ಒಬ್ಬ, ಉಳಿದ ಹತ್ತನ್ನು ಇನ್ನೊಬ್ಬ ಕೊಂಡರೆ ಎಲ್ಲ ನಾಣ್ಯಗಳೂ ಎಲ್ಲೋ ಇರುತ್ತವೆ, ಅವು ಒಟ್ಟಾಗಿ ಹೇಳಬೇಕಾದ ಮಾತು ಮಾತ್ರ ಎಂದೆಂದಿಗೂ ಹೋಗುತ್ತದೆ. ಈ ನಷ್ಟ ಯಾವ ಬೆಲೆಪಟ್ಟಿಯಲ್ಲೂ ಕಾಣಿಸುವುದಿಲ್ಲ.

ನೆಲದಲ್ಲಿ ಸಿಕ್ಕದ್ದು ಯಾರದು ಎಂಬ ಪ್ರಶ್ನೆಯನ್ನು ಹಿಂದಿನವರೂ ಬಿಟ್ಟಿರಲಿಲ್ಲ. ದಾನಶಾಸನಗಳು ಭೂಮಿಯ ಜೊತೆಗೆ ಕೊಡುತ್ತಿದ್ದ ಅಷ್ಟಭೋಗಗಳಲ್ಲಿ ಮೊದಲು ಬರುವುದು ನಿಧಿ, ನಿಕ್ಷೇಪ. ಜಲ, ಪಾಷಾಣ ಆಮೇಲೆ. ಹೊಲದ ಒಡೆತನ ಬೇರೆ, ಹೊಲದಡಿಯ ನಿಧಿಯ ಹಕ್ಕು ಬೇರೆ ಎಂಬ ತಿಳಿವಳಿಕೆ ಅಲ್ಲಿದೆ. ಇಂದು 1962ರ ಕರ್ನಾಟಕ ನಿಧಿ ಕಾಯ್ದೆಯಿದೆ. ನಿಧಿ ಸಿಕ್ಕವನು ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ಮೀರಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಕಾಯ್ದೆ ಇದ್ದರೂ ಹಾವು ಕಾಯುವ ಕೊಪ್ಪರಿಗೆಯ ನಂಬಿಕೆ ಅಳಿದಿಲ್ಲ. 2019ರ ಜುಲೈಯಲ್ಲಿ ನಿಧಿಗಳ್ಳರು ಆನೆಗೊಂದಿಯ ನವಬೃಂದಾವನ ಗಡ್ಡೆಗೆ ನುಗ್ಗಿ ವ್ಯಾಸರಾಯರ ಬೃಂದಾವನವನ್ನೇ ಕಿತ್ತುಹಾಕಿದರು. 1539ರಲ್ಲಿ ಬೃಂದಾವನಸ್ಥರಾದ ಆ ಯತಿ ಪುರಂದರದಾಸರ ಗುರು, ಬದುಕಿನುದ್ದಕ್ಕೂ ಸಂನ್ಯಾಸಿ. ಏನನ್ನೂ ಕೂಡಿಡದವರ ಸಮಾಧಿಯಡಿ ಚಿನ್ನ ಹುಡುಕಿದ ಆ ಕೃತ್ಯ ನಾಡನ್ನೇ ನೋಯಿಸಿತು. ಭಕ್ತರು ಎರಡು ಮೂರು ದಿನದೊಳಗೆ ಬೃಂದಾವನವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಆ ಕಳ್ಳರನ್ನು ನಾಣ್ಯ ಸಂಗ್ರಾಹಕರೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆದರೆ ನೆಲದಿಂದ ಕದ್ದು ತೆಗೆದದ್ದನ್ನು ಎಲ್ಲಿಯದೆಂದು ಕೇಳದೆ ಕೊಳ್ಳುವವರು ಇರುವಷ್ಟು ಕಾಲ ಅಗೆಯುವವರೂ ಇರುತ್ತಾರೆ.

ಇನ್ನೊಂದು ತೊಡಕು ನಾಣ್ಯದ ಮೇಲಿನ ದೇವರದು. ಅನೇಕ ಮನೆಗಳಲ್ಲಿ ಹಳೆಯ ನಾಣ್ಯ ಇರುವುದು ದೇವರ ಜಗಲಿಯ ಮೇಲೆ, ಕುಂಕುಮ ಅರಿಸಿನ ಮೆತ್ತಿಕೊಂಡು. ದೀಪಾವಳಿಯ ಲಕ್ಷ್ಮೀಪೂಜೆಗೆ ಅದು ಹೊರಬರುತ್ತದೆ. ರಾಮಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕೆಗಳಂತೂ ಪೂಜೆಗೆಂದೇ ಮಾಡಿದವು, ಅವು ಹಣವಾಗಿ ಚಲಾವಣೆಯಲ್ಲಿರಲಿಲ್ಲ. ಕಾಸಿನ ಸರ, ಪುತಳಿ ಸರಗಳಿಗೆ ಕೊಂಡಿ ಬೆಸೆದ ನಾಣ್ಯಗಳು ತಾಯಿಯಿಂದ ಮಗಳಿಗೆ ಬರುತ್ತವೆ. ಕುಂಕುಮದ ಕಲೆ, ತೂತು, ಬೆಸುಗೆ ಇವೆಲ್ಲ ಸಂಗ್ರಾಹಕನ ಲೆಕ್ಕದಲ್ಲಿ ದೋಷ, ಮನೆಯವರಿಗೆ ಅವೇ ನಾಣ್ಯದ ಜೀವ. ಹಂಪಿಯ ಕೃಷ್ಣ ದೇವಾಲಯದ ಬಾಲಕೃಷ್ಣ ವಿಗ್ರಹ ಇಂದು ಚೆನ್ನೈ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದಕ್ಕೆ ನೋಡುವವರಿದ್ದಾರೆ, ನೈವೇದ್ಯವಿಲ್ಲ. ವರಹದ ಮೇಲಿನ ಅದೇ ಬಾಲಕೃಷ್ಣನಿಗೂ ಸಂಗ್ರಾಹಕನ ಪೆಟ್ಟಿಗೆಯಲ್ಲಿ ಅದೇ ಸ್ಥಿತಿ. ಇದು ಅಪಚಾರವೆಂದು ಹೇಳುವುದು ಕಷ್ಟ. ಅರಸ ಅದನ್ನು ಸಂತೆಗೆ ಬಿಟ್ಟಾಗಲೇ ದೇವರು ಎಲ್ಲರ ಕೈ, ಸೊಂಟದ ಚೀಲಗಳನ್ನು ಒಪ್ಪಿಕೊಂಡಿದ್ದ. ಆದರೂ ಪೂಜೆಯಲ್ಲಿರುವ ನಾಣ್ಯವನ್ನು ಬಡ ಮನೆಯ ಅಡಚಣೆ ನೋಡಿ ಕೊಂಡು ತರುವುದು ಬರೀ ವ್ಯಾಪಾರವಲ್ಲ, ಕೊಳ್ಳುವವನು ಅಲ್ಲಿ ಕೈ ಹಿಂದಕ್ಕೆ ತೆಗೆಯಬೇಕು.

ಕೂಡಿಡುವುದು ಮತ್ತು ಹಂಚುವುದು ಒಂದಾದ ಉದಾಹರಣೆಯೂ ಈ ನೆರೆಯಲ್ಲಿಯೇ ಇದೆ. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಪ್ರತಿಗಳು ವಿರಳವಾಗುತ್ತಿದ್ದುದನ್ನು ಕಂಡು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದಳು. ಅಪರೂಪವಾಗಲಿದ್ದದ್ದನ್ನು ಅಪರೂಪವಾಗಲು ಅವಳು ಬಿಡಲಿಲ್ಲ. ಲೊಕ್ಕಿ ಗದ್ಯಾಣವೆಂಬ ನಾಣ್ಯ ಅಚ್ಚಾಗುತ್ತಿದ್ದ ಊರು ಅದೇ ಲಕ್ಕುಂಡಿ ಎಂಬುದು ಇಲ್ಲಿ ನೆನೆಯತಕ್ಕದ್ದು. ವರಹಕ್ಕೆ ಸಾವಿರ ಪ್ರತಿ ತೆಗೆಯಲಾಗದು, ತೆಗೆದರೆ ಅದು ನಕಲಿ. ಆದರೆ ಅದರ ಎರಡೂ ಬದಿಯ ಚಿತ್ರ, ತೂಕ, ಸಿಕ್ಕ ಊರು, ಜೊತೆಗಿದ್ದವುಗಳ ವಿವರ ಇವನ್ನು ಬರೆದಿಟ್ಟು ಕೇಳಿದವರಿಗೆಲ್ಲ ಕೊಡಬಹುದು. ಶಾಲೆಯ ಮಕ್ಕಳಿಗೆ, ಸಂಶೋಧಕರಿಗೆ ಪೆಟ್ಟಿಗೆ ತೆರೆದು ತೋರಿಸಬಹುದು. ಹೀಗೆ ಮಾಡುವ ಸಂಗ್ರಾಹಕರಿದ್ದಾರೆ. ಅವರ ಸಂಗ್ರಹಕ್ಕೆ ದಾಸೋಹದ ಹೆಸರು ಸಲ್ಲುತ್ತದೆ, ಒಡೆತನ ಅವರದೇ ಆಗಿದ್ದರೂ. ಯಾರಿಗೂ ಕಾಣದಂತೆ ಬ್ಯಾಂಕಿನ ಲಾಕರಿನಲ್ಲಿಟ್ಟು ದರ ಏರುವುದನ್ನು ಕಾಯುವವನದು ನಾಣ್ಯ ಸಂಗ್ರಹವಲ್ಲ, ಚಿನ್ನದ ದಾಸ್ತಾನು. ವಸ್ತುಸಂಗ್ರಹಾಲಯಕ್ಕೂ ಇದೇ ಅಳತೆ ಅನ್ವಯಿಸಬೇಕು: ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದ ಗಾಜಿನೊಳಗೆ ವಿಜಯನಗರದ ನಾಣ್ಯಗಳು ಯಾರು ಹೋದರೂ ಕಾಣುತ್ತವೆ, ಕತ್ತಲ ಉಗ್ರಾಣದಲ್ಲಿ ಬೀಗ ಬಿದ್ದ ಸರ್ಕಾರಿ ಪೆಟ್ಟಿಗೆ ಖಾಸಗಿ ತಿಜೋರಿಗಿಂತ ಧರ್ಮದಲ್ಲಿ ಮೇಲಲ್ಲ.

ಕೊನೆಯದು ಉತ್ತರಾಧಿಕಾರದ ಪ್ರಶ್ನೆ. ಸಲ್ಲೇಖನಕ್ಕೆ, ಅಂದರೆ ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ವ್ರತಕ್ಕೆ, ಕೂರುವ ಜೈನ ಗೃಹಸ್ಥ ಮೊದಲು ತನ್ನ ಪರಿಗ್ರಹವನ್ನೆಲ್ಲ ಒಪ್ಪಿಸಿ ಋಣಮುಕ್ತನಾಗಬೇಕೆಂಬ ನಿಯಮವಿದೆ. ಸಂಗ್ರಾಹಕನಿಗೆ ಇಂಥ ಕಟ್ಟಳೆ ಇಲ್ಲ. ಅವನು ತೀರಿದ ಮೇಲೆ ಆಸಕ್ತಿಯಿಲ್ಲದ ಮಕ್ಕಳು ಜೀವಮಾನದ ಸಂಗ್ರಹವನ್ನು ಪೇಟೆಯಲ್ಲಿ ತೂಕಕ್ಕೆ ಮಾರುವುದುಂಟು. ಆಗ ಮೂಸೆಯಿಂದ ಪಾರಾಗಿದ್ದ ನಾಣ್ಯ ಒಂದು ತಲೆಮಾರು ತಡವಾಗಿ ಅದೇ ಮೂಸೆಗೆ ಬೀಳುತ್ತದೆ. ಬದುಕಿರುವಾಗಲೇ ಪಟ್ಟಿ ಬರೆದು, ಯಾವುದು ಮನೆಯವರಿಗೆ, ಯಾವುದು ವಸ್ತುಸಂಗ್ರಹಾಲಯಕ್ಕೆ, ಯಾವುದು ತಿಳಿದ ಇನ್ನೊಬ್ಬ ಸಂಗ್ರಾಹಕನಿಗೆ ಎಂದು ಉಯಿಲಿನಲ್ಲಿ ಕಾಣಿಸುವುದು ಅದಕ್ಕಿರುವ ಉಪಾಯ. ಸಿಕ್ಕ ಊರಿನ ಹೆಸರಿರುವ ಚೀಟಿಯೂ ನಾಣ್ಯದ ಜೊತೆಯಲ್ಲೇ ಹೋಗಬೇಕು.